ನಕ್ಕವರ ಹೆಸರು

ಫೆಬ್ರವರಿ ೪

ತಮ್ಮನಿಗೆ ಅಕ್ಕನ ಆಶೀರ್ವಾದ.

ನಾನು ಇಲ್ಲಿ ಚೆನ್ನಾಗಿದ್ದೇನೆ. ನೀನೂ ನಿನ್ನ ಹೆಂಡತಿಯೂ ರಾಜಧಾನಿಯಲ್ಲಿ ಚೆನ್ನಾಗಿರಬಹುದು. ನಮ್ಮಿಬ್ಬರ ನಡುವೆ ಕುಳಿತು ಈ ಕಾಗದ ಒಡೆದು ಓದುವ ಮಹಾನುಭಾವರೂ ಚೆನ್ನಾಗಿದ್ದಾರೆಂದು ಭಾವಿಸುತ್ತೇನೆ. ಅವರಿಗೊಂದು ಮಾತು: ಸ್ವಾಮಿ, ಓದುವುದು ಓದಿ, ನಿಮ್ಮ ಹೊಟ್ಟೆಪಾಡು. ಆದರೆ ತಿರುಗಿ ಅಂಟಿಸುವಾಗ ಸ್ವಲ್ಪ ನೆಟ್ಟಗೆ ಅಂಟಿಸಿ. ಹೋದ ಸಲ ಲಕೋಟೆಯ ಬಾಯಿಗೆ ಬಳಿದ ಗೋಂದು ಒಳಗಿನ ಹಾಳೆಗೂ ಹತ್ತಿ, ನನ್ನ ತಮ್ಮನ ಹೆಂಡತಿಯ ಮಂಡಿನೋವಿನ ಸುದ್ದಿ ಅರ್ಧಕ್ಕೆ ಹರಿದುಹೋಯಿತು. ನೋವು ಯಾವ ಕಾಲಿನದು ಎಂದು ನಿಮಗೆ ಗೊತ್ತು, ನನಗೆ ಗೊತ್ತಿಲ್ಲ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ನೀನು ಆ ಟೆಲಿಫೋನ್ ಇಲಾಖೆಯಲ್ಲೇ ತಂತಿ ಪರೀಕ್ಷೆ ಮಾಡುವವನಲ್ಲವೇ? ಹೋದ ವರ್ಷ ನಮ್ಮ ಬೀದಿಯ ಮನೆಮನೆಗೂ ಸರ್ಕಾರ ಪುಕ್ಕಟೆ ಫೋನು ಹಾಕಿಕೊಟ್ಟಿತಲ್ಲ, ಅದನ್ನು ಎತ್ತಿದರೆ ಆ ಕಡೆ ಯಾರೋ ಉಸಿರಾಡುತ್ತಾರೆ. ನಿಮ್ಮ ತಂತಿಗೆ ಉಬ್ಬಸವೇ? ಹಾಕಲು ಬಂದವನನ್ನು ಹಜಾರದಲ್ಲಿ ಹಾಕಪ್ಪಾ ಎಂದು ಕೇಳಿಕೊಂಡೆ. "ಇಲ್ಲ ಅಮ್ಮಾ, ಅಡುಗೆಮನೆ ಗೋಡೆಗೇ ಹಾಕ್ಬೇಕು ಅಂತ ಮೇಲಿಂದ ಹೇಳಿದಾರೆ" ಎಂದ. ಮೇಲಿನವರಿಗೆ ನನ್ನ ಅಡುಗೆಮನೆಯ ಮೇಲೆ ಯಾಕಿಷ್ಟು ಮಮತೆಯೋ. ಕೇಳದೆ ಕೊಡುವವರನ್ನು ಕಂಡರೆ ಹುಷಾರಾಗಿರಬೇಕು ಎಂದು ಅಪ್ಪ ಹೇಳುತ್ತಿದ್ದರು.

ನನ್ನ ಅಡುಗೆಮನೆ ಬರೀ ಅಡುಗೆಮನೆಯಲ್ಲ ಎಂದು ನಿನಗೆ ಗೊತ್ತಿದೆ. ಕಲ್ಲುನೆಲ, ಎತ್ತರದ ಸೂರು, ಇಡೀ ಮನೆಯಲ್ಲಿ ಪಿಟೀಲಿಗೆ ಒಳ್ಳೆಯ ನಾದ ಬರುವುದು ಅಲ್ಲೇ. ನಮ್ಮ ಮೂವರ ತಂಡದ ಅಭ್ಯಾಸವೂ ಅಲ್ಲೇ. ಕೊಳಲಿನಾಕೆಯನ್ನು ನೀನು ನೋಡಿದ್ದೀಯ. ದೊಡ್ಡ ಪಿಟೀಲು ನುಡಿಸುವ ಶಾಲಾಮೇಷ್ಟರು ಆಳು ಬಡಕಲು ಕಡ್ಡಿ, ವಾದ್ಯ ಅಷ್ಟು ದೊಡ್ಡದು, ಹಾಗಾಗಿ ಊರಿಗೆಲ್ಲ ದಪ್ಪಣ್ಣ. ಅವನ ಹೆಂಡತಿಯೂ ಜೊತೆಗೆ ಬಂದು ಸ್ಟೂಲಿನ ಮೇಲೆ ಕೂತು ಹೆಣಿಗೆ ಹಾಕುತ್ತಾಳೆ. ನಾನೊಂದು ಹೊಸ ಕೃತಿ ಬರೆಯುತ್ತಿದ್ದೇನೆ. ಅದರ ವಿಷಯ ಮುಂದೆ ಬರೆಯುತ್ತೇನೆ.

ನಮ್ಮಿಬ್ಬರಲ್ಲಿ ನಿನ್ನ ಕಿವಿಯೇ ಚೂಪು. ಅಂಥ ಕಿವಿ ಇಟ್ಟುಕೊಂಡು ತಂತಿ ತಡವುತ್ತ ಕೂತಿದ್ದೀಯಲ್ಲೋ, ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ನಿನ್ನ ಅಕ್ಕ


ಫೆಬ್ರವರಿ ೧೯

ಅಕ್ಕನಿಗೆ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ. ಕೆಲಸ ಚೆನ್ನಾಗಿ ನಡೆಯುತ್ತಿದೆ. ಮಂಡಿನೋವು ಎಡಗಾಲಿನದು, ಈಗ ಪರವಾಗಿಲ್ಲ.

ದಯವಿಟ್ಟು ಗೋಂದಿನ ವಿಷಯವನ್ನೆಲ್ಲ ಕಾಗದದಲ್ಲಿ ಬರೆಯಬೇಡ. ಅಂಚೆಯವರು ತಮ್ಮ ಕೈಲಾದದ್ದು ಮಾಡುತ್ತಿದ್ದಾರೆ. ತಂತಿಯಲ್ಲಿ ಗಾಳಿಯಂಥ ಸದ್ದು ಬರುವುದು ಸಹಜ.

ಇನ್ನೊಂದು. ಫೋನನ್ನು ಅಡುಗೆಮನೆಯಿಂದ ಹೊರಗೆ ಹಾಕಿಸಿಕೊಳ್ಳುವುದು ಒಳ್ಳೆಯದು. ಒಲೆಯ ಹಬೆ ತಗುಲಿದರೆ ಯಂತ್ರ ಕೆಡುತ್ತದೆ. ಅವರು ಒಪ್ಪದಿದ್ದರೆ ಅದರ ಮೇಲೆ ದಪ್ಪ ಬಟ್ಟೆ ಮುಚ್ಚಿಡು. ಮರೆಯಬೇಡ.

ಹೊಸ ಕೃತಿ ಚೆನ್ನಾಗಿ ಬರುತ್ತಿರಬಹುದು.

ನಿನ್ನ ತಮ್ಮ


ಮಾರ್ಚ್ ೮

ತಮ್ಮಾ,

ಎಂಥ ಕಾಗದವೋ ಅದು! ಪಂಚಾಯಿತಿ ನೋಟೀಸು ಇದಕ್ಕಿಂತ ರಸವತ್ತಾಗಿರುತ್ತದೆ. ಒಡಹುಟ್ಟಿದವಳಿಗೆ ಬರೆಯುವುದು ಹೀಗೇನು? ಹಬೆ ತಗುಲುತ್ತದಂತೆ, ಬಟ್ಟೆ ಮುಚ್ಚಬೇಕಂತೆ. ಫೋನಿಗೆ ನೆಗಡಿಯಾದರೆ ಸರ್ಕಾರವೇ ಕಷಾಯ ಕುಡಿಸಲಿ. ನಾನು ಮುಚ್ಚುವುದೂ ಇಲ್ಲ, ಕದಲಿಸುವುದೂ ಇಲ್ಲ. ಹಾಲು ಉಕ್ಕದಂತೆ ನೋಡಿಕೊಳ್ಳುತ್ತ ಮಾತಾಡಲು ಅಲ್ಲೇ ಅನುಕೂಲ.

ಹೊಸ ಕೃತಿಯ ವಿಷಯ ಕೇಳು. ಪಿಟೀಲು, ಕೊಳಲು ಎರಡೂ ಮಾತಾಡಿಕೊಳ್ಳುತ್ತವೆ, ಅಕ್ಕಪಕ್ಕದ ಮನೆಯ ಹೆಂಗಸರ ಹಾಗೆ. ಮನೆಯ ಮಾತು, ಚಾಡಿ, ಸ್ವಲ್ಪ ಅಳು. ದೊಡ್ಡ ಪಿಟೀಲು ತಾನಾಗಿ ಒಂದು ಸ್ವರವನ್ನೂ ಹುಟ್ಟಿಸುವುದಿಲ್ಲ. ಇವರು ಹೇಳಿದ್ದನ್ನು ಅರೆಗಳಿಗೆ ತಡವಾಗಿ, ಮೆಲ್ಲಗೆ, ಕೂದಲೆಳೆಯಷ್ಟು ಅಪಸ್ವರದಲ್ಲಿ ತಿರುಗಿ ಹೇಳುತ್ತದೆ. ಮೊದಮೊದಲು ಪ್ರತಿಧ್ವನಿ ಎಂದೇ ಅನಿಸುತ್ತದೆ. ಆಮೇಲೆ ಕಸಿವಿಸಿಯಾಗುತ್ತದೆ. ಮೊದಲ ಸಲ ನುಡಿಸಿದಾಗ ದಪ್ಪಣ್ಣನ ಹೆಂಡತಿ ಹೆಣಿಗೆ ನಿಲ್ಲಿಸಿ, "ಕಿಟಕಿ ಹಾಕ್ಲಾ?" ಎಂದು ಕೇಳಿದಳು. ಕಿಟಕಿ ಹಾಕಿಯೇ ಇತ್ತು. ನನಗೆ ಆಗಲೇ ಗೊತ್ತಾಯಿತು, ಇದು ಸರಿಯಾಗಿ ಬರುತ್ತಿದೆ ಎಂದು.

ಸಭಾಂಗಣ ಸಿಗಬೇಕಾದರೆ ಪರವಾನಗಿ ಬೇಕಲ್ಲ, ಒಬ್ಬ ಅಧಿಕಾರಿ ಮನೆಗೇ ಬಂದಿದ್ದ. ಹೊಟ್ಟೆ ಮುಂದೆ, ಅವನು ಹಿಂದೆ. ಕುರ್ಚಿಯಲ್ಲಿ ಕೂತವನೇ, "ಸಾಹಿತ್ಯ ಕೊಡಿ, ನೋಡ್ಬೇಕು" ಎಂದ.

"ಸಾಹಿತ್ಯ ಇಲ್ಲ, ಬರೀ ವಾದ್ಯ" ಎಂದೆ.

"ಮಾತಿಲ್ಲ ಅಂದ್ರೆ ಏನೋ ಮುಚ್ಚಿಡ್ತಿದೀರಿ ಅಂತ ಆಯ್ತಲ್ಲ ಮೇಡಂ?"

"ನಿಮ್ಮ ಕಾರಿನ ಹಾರನ್‌ಗೂ ಮಾತಿಲ್ಲ. ಅದೇನು ಮುಚ್ಚಿಡ್ತಿದೆ?"

ಅವನು ಅದನ್ನು ನಿಜವಾಗಿಯೂ ಬರೆದುಕೊಂಡ. ಆಮೇಲೆ ತಲೆ ಎತ್ತಿ, "ಹೋಗ್ಲಿ, ಅರ್ಥ ಏನು ಹೇಳ್ಬಿಡಿ" ಎಂದ.

"ಇಬ್ಬರು ಹೆಂಗಸರು ಮಾತಾಡ್ತಿರ್ತಾರೆ. ಒಬ್ಬ ಗಂಡಸು ಕದ್ದು ಕೇಳ್ತಿರ್ತಾನೆ."

ಅವನ ಮುಖ ಅರಳಿತು. "ಓಹೋ! ಹಾಸ್ಯ!" ಎಂದು, "ಹಾಸ್ಯ ಪ್ರಧಾನ" ಎಂದು ಬರೆದು ಮೊಹರು ಒತ್ತಿದ. ಅಕ್ಟೋಬರಿನಲ್ಲಿ ಸಭಾಂಗಣ ಕೊಟ್ಟಿದ್ದಾರೆ. ಕೋಣನ ಮುಂದೆ ಕಿನ್ನರಿ ಬಾರಿಸಬಾರದು ಎನ್ನುತ್ತಾರೆ. ಈ ಕೋಣಗಳಿಂದ ಅಪ್ಪಣೆ ಪಡೆದು ಬಾರಿಸುವ ಕಾಲ ನಮ್ಮದು.

ಈ ಸಲವಾದರೂ ಮನುಷ್ಯನ ಹಾಗೆ ಉತ್ತರ ಬರಿ.

ನಿನ್ನ ಅಕ್ಕ


ಏಪ್ರಿಲ್ ೨

ತಮ್ಮಾ,

ದಪ್ಪಣ್ಣನನ್ನು ಕರೆದುಕೊಂಡು ಹೋದರು.

ಶಾಲೆಯಿಂದಲೇ, ಪಾಠ ನಡೆಯುತ್ತಿದ್ದಾಗ. ಅವನು ಆಡಿದ ಒಂದು ಮಾತಿಗೆ. ಅವರಿಗೆ ಗೊತ್ತಿರುವುದನ್ನು ನಿನ್ನಿಂದ ಮುಚ್ಚಿಟ್ಟು ಏನು ಬಂತು, ಬರೆದೇ ಬಿಡುತ್ತೇನೆ. ಅಭ್ಯಾಸ ಮುಗಿಸಿ ಚಹಾ ಕುಡಿಯುತ್ತಿದ್ದೆವು. ಹಿಂದಿನ ದಿನ ದೇಶ ಆಳುವ ದೊಡ್ಡವರ ಭಾಷಣ ರೇಡಿಯೋದಲ್ಲಿ ಬಂದಿತ್ತಲ್ಲ. ದಪ್ಪಣ್ಣ ಹೇಳಿದ: "ಭಾಷಣಕ್ಕೆ ಶ್ರುತೀನೂ ಇಲ್ಲ, ತಾಳಾನೂ ಇಲ್ಲ. ಆದ್ರೆ ಚಪ್ಪಾಳೆ ಮಾತ್ರ ಎಂಥಾ ಅಭ್ಯಾಸ ರೀ! ಒಂದು ಕೈಯೂ ಮುಂಚೆ ನಿಲ್ಲಲ್ಲ. ಮೊದಲು ನಿಲ್ಲಿಸಿದೋನು ಮನೆಗೆ ಹೋಗಲ್ಲ ಅಂತ ಗೊತ್ತು." ಇಷ್ಟೇ. ನಾವು ಬಿದ್ದು ಬಿದ್ದು ನಕ್ಕೆವು. ಅಲ್ಲಿದ್ದದ್ದು ನಾಲ್ಕೇ ಜನ. ನಾನು, ಕೊಳಲಿನಾಕೆ, ಅವನು, ಅವನ ಹೆಂಡತಿ.

ನಕ್ಕಿದ್ದಕ್ಕಾಗಿ ಕೊಳಲಿನಾಕೆಯನ್ನು ಕರೆಸಿ ವಿಚಾರಿಸಿದರು. ದಪ್ಪಣ್ಣನ ಹೆಂಡತಿಯನ್ನೂ ಕರೆಸಿದರು, ಗಂಡನ ಮಾತಿಗೆ ಯಾಕೆ ನಕ್ಕೆ ಎಂದು. ನನ್ನನ್ನು ಕರೆಯಲೇ ಇಲ್ಲ. ಮನೆ ನನ್ನದು, ಚಹಾ ನನ್ನದು, ನನ್ನನ್ನು ಮಾತ್ರ ಕರೆಯಲಿಲ್ಲ. ಜನಕ್ಕೆ ಇನ್ನೇನು ಬೇಕು? ಅವನ ಹೆಂಡತಿ ನಿನ್ನೆ ಬಾಗಿಲಲ್ಲೇ ನಿಂತು, "ಮನೆಗೆ ಕರೆದು ಚಹಾ ಕೊಟ್ಟು ಹಿಡಿಸಿಕೊಟ್ಟೆಯಲ್ಲ ತಾಯಿ, ನಿನ್ನ ತಮ್ಮ ಸರ್ಕಾರದಲ್ಲಿದ್ದಾನೆ ಅಂತ ನಮಗೆ ಗೊತ್ತಿಲ್ವಾ?" ಎಂದಳು. ಬೀದಿಯೆಲ್ಲ ಕೇಳಿಸಿಕೊಂಡಿತು. ನನ್ನ ಹತ್ತಿರ ಕಲಿಯುವ ಮಕ್ಕಳನ್ನು ತಾಯಂದಿರು ಬಿಡಿಸುತ್ತಿದ್ದಾರೆ. ಕೊಳಲಿನಾಕೆ ನನ್ನನ್ನು ಕಂಡರೆ ರಸ್ತೆ ದಾಟಿ ಆ ಬದಿಗೆ ಹೋಗುತ್ತಾಳೆ.

ನಾನು ಚಾಡಿಕೋರಳಲ್ಲ. ನಿನಗಾದರೂ ಗೊತ್ತಲ್ಲ? ನೀನು ಇಲಾಖೆಯ ಒಳಗಿರುವವನು. ಅವನನ್ನು ಎಲ್ಲಿಟ್ಟಿದ್ದಾರೆ, ಯಾರು ಹೇಳಿದರು, ವಿಚಾರಿಸು. ಕಾಲಿಗೆ ಬೀಳುತ್ತೇನೆ ಎಂದುಕೋ.

ಅಕ್ಕ


ಏಪ್ರಿಲ್ ೧೦

ಅಕ್ಕನಿಗೆ ನಮಸ್ಕಾರಗಳು.

ಇಂಥ ವಿಷಯಗಳು ನನಗೆ ತಿಳಿಯುವುದಿಲ್ಲ. ನನ್ನದು ತಂತಿಯ ಕೆಲಸ. ದಯವಿಟ್ಟು ಹೀಗೆಲ್ಲ ಬರೆಯಬೇಡ.

ಫೋನು ಇನ್ನೂ ಅಡುಗೆಮನೆಯಲ್ಲೇ ಇದೆಯೇ?

ತಮ್ಮ


ಏಪ್ರಿಲ್ ೨೭

ನಿನಗೇ,

ತಾಯಿಯ ಕಣ್ಣಿನ ಚಿಕಿತ್ಸೆಗೆಂದು ನಿನ್ನ ಹೆಂಡತಿ ತವರಿಗೆ ಬಂದಿದ್ದಾಳೆ. ಇದನ್ನು ಅವಳ ಕೈಯಲ್ಲೇ ಕೊಡುತ್ತಿದ್ದೇನೆ, ಅವಳ ಸೀರೆಗಳ ನಡುವೆ ಬರುತ್ತದೆ. ನಡುವಿನವರಿಗೆ ಇವತ್ತು ಉಪವಾಸ.

ಹೋದ ವಾರ ಕೊಳಲಿನಾಕೆಗೆ ಫೋನು ಮಾಡಿದೆ. ಮಾತು ಬೇಡ, ಒಂದು ಸಲ ಕೃತಿ ಕೇಳು ಎಂದು ಬೇಡಿಕೊಂಡೆ. ಅವಳು ಇಟ್ಟುಬಿಟ್ಟಳು. ನಾನು ಇಡಲಿಲ್ಲ. ಆ ಕಡೆಯ ಉಸಿರು ಹಾಗೇ ಇತ್ತು. ಹಾಳಾಗಿ ಹೋಗು, ನೀನೇ ಕೇಳು ಎಂದು ರಿಸೀವರನ್ನು ಮೇಜಿನ ಮೇಲಿಟ್ಟು ನುಡಿಸಿದೆ. ಕೋಪದಲ್ಲಿ ಬೆರಳು ಜಾರಿ, ಮೇಲಿನ ಸ್ವರ ಇಳಿದುಹೋಯಿತು.

ಆ ಕಡೆಯಿಂದ ಯಾರೋ ಲೊಚಗುಟ್ಟಿದರು.

ನಾನು ನಿಲ್ಲಿಸಿದೆ. ಬೇಕೆಂದೇ ಮತ್ತೆ ಅದೇ ಸ್ವರವನ್ನು ಇಳಿಸಿ ನುಡಿಸಿದೆ. ಮತ್ತೆ ಲೊಚ್. ನಾಲಿಗೆಯನ್ನು ಎಡದವಡೆಗೆ ಒತ್ತಿ, ಎರಡು ಸಲ, ಎರಡನೆಯದು ಸಣ್ಣಗೆ. ಅಪ್ಪ ಹಾಗೆ ಮಾಡುತ್ತಿದ್ದರು. ಅವರಿಂದ ಅದು ನಿನಗೆ ಬಂತು. ನಾನು ಅಪಸ್ವರ ಹಿಡಿದಾಗಲೆಲ್ಲ ನೀನು ಚಾಪೆಯ ಆ ತುದಿಯಲ್ಲಿ ಕೂತು ಲೊಚಗುಟ್ಟಿ ನನ್ನ ಕೈಯಲ್ಲಿ ಬಿಲ್ಲಿನ ಏಟು ತಿನ್ನುತ್ತಿದ್ದೆ. ಅಪ್ಪ ಹೋದ ಮೇಲೆ ಈ ಲೋಕದಲ್ಲಿ ಹಾಗೆ ಲೊಚಗುಟ್ಟುವ ಬಾಯಿ ಇನ್ನೊಂದಿಲ್ಲ.

ನೀನು. ನನ್ನ ಬೆನ್ನಿಗೆ ಬಿದ್ದವನು, ನಾನು ಸೊಂಟದಲ್ಲಿ ಹೊತ್ತು ತಿರುಗಿದವನು. ನನ್ನ ಅಡುಗೆಮನೆಯ ಗೋಡೆಯಲ್ಲಿ ಕೂತು, ನಾನು ಕೆಮ್ಮಿದ್ದು ಸೀನಿದ್ದು, ಒಬ್ಬಳೇ ಇದ್ದಾಗ ಗೊಣಗಿಕೊಂಡಿದ್ದು ಎಲ್ಲ ಕೇಳಿಸಿಕೊಳ್ಳುತ್ತಿದ್ದವನು ನೀನು. ಉಂಡ ಮನೆಯ ಜಂತೆ ಎಣಿಸುವವರನ್ನು ಕಂಡಿದ್ದೇನೆ. ಹುಟ್ಟಿದ ಮನೆಯ ಜಂತೆ ಎಣಿಸಿ ಸಂಬಳ ತೆಗೆದುಕೊಳ್ಳುವವನನ್ನು ಈಗ ಕಂಡೆ. ಥೂ!

ಹಬೆ ತಗುಲುತ್ತದೆ, ಬಟ್ಟೆ ಮುಚ್ಚು ಎಂದು ಬರೆದೆಯಲ್ಲ, ಅದು ಎಚ್ಚರಿಕೆಯೋ? ಎಚ್ಚರಿಸುವವನು ಎಚ್ಚರಿಸಬೇಕು ಕಣೋ. ಹಬೆಯ ಹಿಂದೆ ಬಚ್ಚಿಟ್ಟುಕೊಂಡು ಪಿಸುಗುಡುವವನಿಗೆ ಹೇಡಿ ಎನ್ನುತ್ತಾರೆ. ನಿಮ್ಮ ಇಲಾಖೆಯೂ ನಿನಗೆ ತಕ್ಕದ್ದೇ. ಊರಿನ ಗುಟ್ಟೆಲ್ಲ ಕೇಳುತ್ತದಂತೆ, ತನ್ನ ಬಾಯಿ ಮುಚ್ಚಿಕೊಳ್ಳುವ ಒಂದು ಗುಂಡಿ ಕೊಳ್ಳುವ ಯೋಗ್ಯತೆ ಇಲ್ಲ.

ದಪ್ಪಣ್ಣನ ಮಾತನ್ನು ಬರೆದುಕೊಟ್ಟವನು ನೀನೇನಾ? ಇಷ್ಟಕ್ಕೆ ಉತ್ತರ ಬೇಕು.

ನಾನು


ಮೇ ೯

ಅಕ್ಕಾ,

ಹೌದು, ನಾನೇ.

ಇದನ್ನು ಅಂಚೆಗೆ ಹಾಕದೆ ಹೆಂಡತಿಯ ತವರಿನವರ ಕೈಯಲ್ಲಿ ಕಳಿಸುತ್ತಿದ್ದೇನೆ. ನೀನು ಬೈದದ್ದರಲ್ಲಿ ಸುಳ್ಳಿಲ್ಲ. ತಂತಿ ಪರೀಕ್ಷೆಗೆಂದೇ ಸೇರಿಸಿಕೊಂಡರು. ನನ್ನ ಕಿವಿ ಎಂಥದೆಂದು ಗೊತ್ತಾದ ಮೇಲೆ ಬೇರೆ ಕೋಣೆಗೆ ಹಾಕಿದರು. ಕಿಟಕಿಯಿಲ್ಲದ ಉದ್ದನೆಯ ಕೋಣೆ, ಮೇಜಿಗೊಬ್ಬರು, ಕಿವಿಗೆ ಹೆಡ್‌ಫೋನು, ಮುಂದೆ ಟೈಪ್‌ರೈಟರು. ಫೋನು ಕೆಳಗಿಟ್ಟಿದ್ದರೂ ಅದರ ಸುತ್ತಲಿನ ಮಾತು ನಮಗೆ ಕೇಳುತ್ತದೆ. ಕೇಳಿದ್ದರಲ್ಲಿ ಒಂದನ್ನೂ ಬಿಡುವಂತಿಲ್ಲ. ಕೆಮ್ಮಿದರೆ ಕೆಮ್ಮು, ಬಾಗಿಲು ಹಾಕಿದರೆ ಬಾಗಿಲು. ನಗುವಂತೂ ಬಹಳ ಮುಖ್ಯ. ಒಂದು ಮಾತಿಗೆ ಯಾರು ಯಾರು ನಕ್ಕರು, ಅವರ ಹೆಸರು ಕೆಳಗೆ ಬರೆಯಬೇಕು. ಆಡಿದವನಿಗೆ ಒಂದು ಶಿಕ್ಷೆ, ನಕ್ಕವರಿಗೆ ಇನ್ನೊಂದು.

ನಿನ್ನ ಫೋನನ್ನು ನಾನೇ ಕೇಳಿ ಪಡೆದುಕೊಂಡೆ. ಬೇರೆಯವರ ಪಾಲಾದರೆ ನಿನ್ನ ನಾಲಿಗೆ ಒಂದು ವಾರವೂ ನಿನ್ನನ್ನು ಮನೆಯಲ್ಲಿರಿಸುವುದಿಲ್ಲ ಎಂದು ಗೊತ್ತಿತ್ತು. ನೀನು ದೊಡ್ಡವರಿಗೆ ಇಟ್ಟ ಅಡ್ಡಹೆಸರುಗಳೆಲ್ಲ ನನ್ನ ಕೈಯಲ್ಲಿ "ಪಾತ್ರೆಯ ಸದ್ದು" ಆದವು. ವರ್ಷವಿಡೀ ಪಾತ್ರೆ ತೊಳೆಯುವ ಹೆಂಗಸು ಎಂದು ನಮ್ಮ ಕಚೇರಿಯಲ್ಲಿ ನಿನಗೆ ಒಳ್ಳೆಯ ಹೆಸರಿದೆ.

ಆ ದಿನ ಮಾತ್ರ ಮೇಲಧಿಕಾರಿ ತಪಾಸಣೆಗೆ ಬಂದು ನನ್ನ ಪಕ್ಕವೇ ಇನ್ನೊಂದು ಹೆಡ್‌ಫೋನು ಹಾಕಿಕೊಂಡು ಕೂತಿದ್ದರು. ದಪ್ಪಣ್ಣ ಆ ಮಾತು ಹೇಳಿದ. ಮೇಲಧಿಕಾರಿ ನಕ್ಕರು ಅಕ್ಕಾ. ಹೊಟ್ಟೆ ಕುಣಿದು, ಕನ್ನಡಕ ಜಾರಿ, ಕರವಸ್ತ್ರದಲ್ಲಿ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಕನ್ನಡಕ ಹಾಕಿಕೊಂಡು ನನ್ನ ಕಡೆ ತಿರುಗಿ, "ಬರ್ಕೊಂಡ್ರಾ?" ಎಂದು ಕೇಳಿದರು. ನಾನು ಬರೆದೆ. ನಕ್ಕವರ ಹೆಸರು ಬರೆಯುವಾಗ ಎರಡು ಬರೆದು ನಿಲ್ಲಿಸಿದೆ. ನಿನ್ನ ಹೆಸರು ಹಾಕಲಿಲ್ಲ. ನಿನ್ನನ್ನು ಉಳಿಸಿದೆ ಎಂದುಕೊಂಡಿದ್ದೆ. ಅದರಿಂದಲೇ ಊರು ನಿನ್ನ ಮುಖಕ್ಕೆ ಉಗಿಯುತ್ತದೆ ಎಂದು ಹೊಳೆಯಲಿಲ್ಲ.

ನಿನ್ನ ಕೃತಿಯನ್ನು ಎಷ್ಟು ಸಲ ಕೇಳಿದ್ದೇನೋ. ವರದಿಯಲ್ಲಿ "ಸಂಗೀತ, ಅರ್ಥವಿಲ್ಲ" ಎಂದಷ್ಟೇ ಬರೆಯುತ್ತೇನೆ. ಅದರಲ್ಲಿ ಒಂದು ತಪ್ಪಿದೆ, ಹೇಳಲೇ? ಕದ್ದು ಕೇಳುವವನು ಹಿಂದೆ ಬರುವುದಿಲ್ಲ. ಮೊದಲು ಕೆಲವು ದಿನ ಹಾಗಿರುತ್ತದೆ. ಆಮೇಲೆ ನೀನು ಏನು ಹೇಳುತ್ತೀಯೆಂದು ನಿನಗಿಂತ ಮುಂಚೆ ನನಗೆ ಗೊತ್ತಿರುತ್ತದೆ, ನೀನು ಬಾಯಿ ತೆರೆಯುವ ಮೊದಲೇ ನನ್ನ ಬೆರಳು ಟೈಪು ಮಾಡಿರುತ್ತದೆ. ದೊಡ್ಡ ಪಿಟೀಲನ್ನು ಅರೆಗಳಿಗೆ ಮುಂದಕ್ಕೆ ತಾ. ಅವನು ನುಡಿಸಿದ್ದನ್ನು ನೀವಿಬ್ಬರು ಆಮೇಲೆ ನುಡಿಸಬೇಕು.

ನನ್ನನ್ನು ಕ್ಷಮಿಸು ಎಂದು ಕೇಳಲು ಮುಖವಿಲ್ಲ.

ತಮ್ಮ


ಮೇ ೧೪

ಲೋ,

ನಿನ್ನ ಕಾಗದ ತಂದವರ ಕೈಯಲ್ಲೇ ಇದನ್ನೂ ಕಳಿಸುತ್ತಿದ್ದೇನೆ. ನೀನು ಹೇಳಿದಂತೆ ತಿದ್ದಿ ಒಬ್ಬಳೇ ನುಡಿಸಿ ನೋಡಿದೆ. ಮೈ ಜುಮ್ಮೆಂದಿತು. ನೀನು ಹೇಳಿದ್ದೇ ಸರಿ, ನಿನ್ನ ಕಿವಿಗಿಷ್ಟು ಬೆಂಕಿ ಹಾಕ. ನನ್ನ ಮಾತನ್ನು ನನಗಿಂತ ಮುಂಚೆ ಆಡಿ ಮುಗಿಸುವವನೊಬ್ಬ ಗೋಡೆಯಲ್ಲಿದ್ದಾನೆ ಎಂದರೆ ಇನ್ನು ನಾನು ಆಡುವುದು ಏನನ್ನು? ಒಂದು ದಿನ ಪೂರ್ತಿ ಬಾಯಿ ಬಿಡಲಿಲ್ಲ.

ಆದರೆ ಒಂದು ಕೇಳು. ನಾನು ನಗಲಿಲ್ಲ ಎಂದು ಬರೆದೆಯಾ? ನಾನು? ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು! ಚಹಾ ಮೂಗಿಗೆ ಹತ್ತಿ ಕೊಳಲಿನಾಕೆ ಬೆನ್ನು ತಟ್ಟಿದಳು. ಅಂಥ ನಗುವನ್ನು ನುಂಗಿಹಾಕಲು ನಿನಗೆ ಯಾರು ಅಧಿಕಾರ ಕೊಟ್ಟರು? ನಿನ್ನ ಕರುಣೆ ನಿನ್ನ ಇಲಾಖೆಯ ಹಾಗೇ ಇದೆ, ಕೇಳದೆ ಕೊಡುತ್ತೀಯ, ಮನೆ ಹಾಳಾಗುತ್ತದೆ. ನನ್ನ ನಗು ನನಗೆ ವಾಪಸು ಬೇಕು.

ಬರುವ ಭಾನುವಾರ ಬೆಳಿಗ್ಗೆ ದಪ್ಪಣ್ಣನ ಹೆಂಡತಿಯನ್ನೂ ಕೊಳಲಿನಾಕೆಯನ್ನೂ ಹೇಗಾದರೂ ಅಡುಗೆಮನೆಗೆ ಕರೆತಂದು ಫೋನು ಎತ್ತುತ್ತೇನೆ. ನೀನು ಅಲ್ಲಿರುತ್ತೀಯ. ನಡೆದದ್ದನ್ನು ನಿನ್ನ ಬಾಯಿಂದ ಅವರಿಗೆ ಹೇಳು. ಹೇಳಿದರೆ ನಿನ್ನ ಗತಿ ಏನಾಗುತ್ತದೆಂದು ಗೊತ್ತು. ಹೇಳದಿದ್ದರೆ ನನ್ನ ಗತಿ ಏನಾಗಿದೆಯೆಂದು ನಿನಗೂ ಗೊತ್ತು. ನಿನ್ನಿಷ್ಟ.

ಅಕ್ಕ


ಮೇ ೧೯, ಭಾನುವಾರ

ತಮ್ಮನ ಹೆಂಡತಿಗೆ,

ಏನಾಗಿದೆ ನಿಮ್ಮ ಮನೆಯಲ್ಲಿ? ನಿನ್ನ ತವರಿನವರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ, ತಕ್ಷಣ ಉತ್ತರ ಕೊಡು.

ಇವತ್ತು ಅವರಿಬ್ಬರೂ ಬಂದರು. ಕೂರಲಿಲ್ಲ, ಬಾಗಿಲಿಗೆ ಆತು ನಿಂತಿದ್ದರು. ನಾನು ಫೋನೆತ್ತಿ ಮೂವರಿಗೂ ಕೇಳುವಂತೆ ಹಿಡಿದೆ. ಉಸಿರಿತ್ತು. "ಮಾತಾಡೋ" ಎಂದೆ. ಇಲ್ಲ. "ನೀನು ನಡೆದದ್ದು ಹೇಳು" ಎಂದೆ. ಇಲ್ಲ. ದಪ್ಪಣ್ಣನ ಹೆಂಡತಿ, "ನಾಟಕ ಸಾಕು" ಎಂದು ಚಪ್ಪಲಿ ಮೆಟ್ಟಿದಳು. ನನಗೆ ತಲೆಗೇರಿತು. "ಅಕ್ಕನ ಮಾನ ಹೋಗ್ತಿದ್ರೂ ಬಾಯಿ ಬಿಡಲ್ವೇನೋ ಹೇಡಿ!" ಎಂದು ಕಿರುಚಿದೆ.

ಆ ಕಡೆಯಿಂದ ಗುರುತಿಲ್ಲದ ಗಂಟಲು, ಹೆದರಿದ ಗಂಟಲು, ಹೇಳಿತು: "ಅಮ್ಮಾ, ಬಯ್ಬೇಡಿ, ನಾನು ಅವರಲ್ಲ. ಅವರನ್ನ ಶುಕ್ರವಾರನೇ ಕರ್ಕೊಂಡು ಹೋದ್ರು. ನಾನು ಹೊಸಬ." ಆಮೇಲೆ "ಅಯ್ಯಯ್ಯೋ" ಎಂದಿತು. ಆ ಕಡೆಯವನು ಫೋನು ಕಡಿದ.

ನನ್ನ ಮಾನ ಉಳಿಯಿತು. ಗೋಡೆ ಬಾಯಿಬಿಟ್ಟು ಮಾತಾಡಿದ್ದನ್ನು ಇಬ್ಬರೂ ಕೇಳಿದರು. ದಪ್ಪಣ್ಣನ ಹೆಂಡತಿ ಅಲ್ಲೇ ನೆಲದ ಮೇಲೆ ಕುಸಿದು ನನ್ನ ಕೈ ಹಿಡಿದು ಅತ್ತಳು. ನನಗೆ ಅದು ಯಾವುದೂ ಬೇಡ. ಅವನನ್ನು ಯಾಕೆ ಕರೆದುಕೊಂಡು ಹೋದರು? ಎಲ್ಲಿಗೆ?

ಅಕ್ಕ


ಮೇ ೨೬

ಅಕ್ಕನವರಿಗೆ,

ನೀವು ಕೇಳಿದ್ದನ್ನು ಅವರು ಮಾಡಿದರು. ಅದಕ್ಕೇ ಕರೆದುಕೊಂಡು ಹೋದರು.

ಗುರುವಾರ ಕೆಲಸದಿಂದ ಬಂದವರು ಎಂದಿಲ್ಲದ ಹಾಗೆ ಖುಷಿಯಾಗಿದ್ದರು. ಕೈತೊಳೆಯುತ್ತ ಹೇಳಿದರು: "ಇವತ್ತು ಆ ಹಳೇ ವರದಿ ತಿದ್ದಿ ಮೇಲಿನ ಸಮಿತಿಗೇ ಕಳಿಸ್ಬಿಟ್ಟೆ ಕಣೇ. ಲೋಪ ಕಂಡ್ರೆ ತಿದ್ದಬೇಕು ಅಂತ ಅವರದೇ ನಿಯಮ. ನಕ್ಕವರ ಹೆಸರು ಎರಡು ಬಿಟ್ಟುಹೋಗಿತ್ತು. ಒಂದು ನಮ್ಮಕ್ಕ, ಎಲ್ಲರಿಗಿಂತ ಜೋರಾಗಿ. ಇನ್ನೊಂದು ನಮ್ಮ ಮೇಲಧಿಕಾರಿ, ಕಣ್ಣಲ್ಲಿ ನೀರು ಬರೋಷ್ಟು." "ನಿಮಗೇನು ಹುಚ್ಚಾ?" ಎಂದೆ. "ಇನ್ನು ಆ ಮಾತಿಗೆ ಯಾರನ್ನಾದ್ರೂ ಹಿಡೀಬೇಕಾದ್ರೆ ಮೊದಲು ಸಾಹೇಬರನ್ನ ಹಿಡೀಬೇಕು. ಹಿಡೀತಾರಾ? ಮೇಷ್ಟ್ರನ್ನ ಬಿಟ್ಟು ಫೈಲು ಮುಚ್ತಾರೆ, ನೋಡ್ತಿರು" ಎಂದು ನಕ್ಕರು. ಶುಕ್ರವಾರ ಹೋದವರು ಬರಲಿಲ್ಲ. ಕಚೇರಿಯ ರಹಸ್ಯ ಹೊರಗೆ ಹಾಕಿದರು ಎನ್ನುತ್ತಾರೆ. ಎಲ್ಲಿದ್ದಾರೆಂದು ಯಾರೂ ಹೇಳುವುದಿಲ್ಲ.

ವರ್ಷವಿಡೀ ನಿಮ್ಮ ಬಾಯಿಗೆ ಅವರು ಬೇಲಿ ಹಾಕಿಕೊಂಡು ಕೂತಿದ್ದರು. ನೀವು ಹೇಡಿ ಎಂದಿರಿ. ಆ ಕಾಗದ ಓದಿದ ದಿನ ಅವರು ಊಟ ಮಾಡಲಿಲ್ಲ. ನಿಮ್ಮ ಮಾನ ಉಳಿಯಿತಲ್ಲ, ಇಟ್ಟುಕೊಳ್ಳಿ. ನನಗೆ ನನ್ನ ಗಂಡ ಬೇಕು.

ನಿಮ್ಮ ತಮ್ಮನ ಹೆಂಡತಿ


ಅಕ್ಟೋಬರ್ ೨೨

ತಮ್ಮಾ,

ನಿನ್ನ ವಿಳಾಸ ಗೊತ್ತಿಲ್ಲ. ಲಕೋಟೆಯ ಮೇಲೆ ನಿನ್ನ ಇಲಾಖೆಯ ಹೆಸರು ಬರೆದಿದ್ದೇನೆ, ಬಾಯಿಗೆ ಗೋಂದು ಹಾಕಿಲ್ಲ. ನಿನ್ನ ಕೈ ಸೇರುವ ಮೊದಲು ಹತ್ತು ಜನ ಓದಲಿ, ಜೋರಾಗಿ ಓದಿಕೊಳ್ಳಲಿ.

ನೀನು ಹೇಳಿದಂತೆಯೇ ಆಯಿತು. ಜೂನಿನಲ್ಲಿ ದಪ್ಪಣ್ಣನನ್ನು ಬಿಟ್ಟರು. ಕಾರಣ ಹೇಳಲಿಲ್ಲ, ಸಹಿ ಕೇಳಲಿಲ್ಲ, ಬಾಗಿಲು ತೆಗೆದು ಹೋಗು ಎಂದರಂತೆ. ಶಾಲೆಯ ಕೆಲಸ ಹೋಯಿತು. ಮೊದಲೇ ಕಡ್ಡಿ, ಈಗ ಕಡ್ಡಿಯ ನೆರಳು. ಅಡುಗೆಮನೆಗೆ ಬಂದರೆ ಮಾತಾಡುವ ಮುಂಚೆ ಗೋಡೆ ನೋಡುತ್ತಾನೆ. ಅವನ ಹೆಂಡತಿ, "ಆಡಿ, ಏನಂತೆ, ಸಾಹೇಬರೂ ನಗಲಿ ಪಾಪ" ಎಂದು ರೇಗಿಸುತ್ತಾಳೆ. ಆ ಸಾಹೇಬರಿಗೆ ಬಡ್ತಿ ಸಿಕ್ಕಿತಂತೆ. ಸಿಗಲೇಬೇಕಲ್ಲ, ಇಡೀ ಇಲಾಖೆಯಲ್ಲಿ ಹಾಸ್ಯ ತಿಳಿದವರು ಅವರೊಬ್ಬರೇ.

ಹೋದ ವಾರ ನಮ್ಮ ಸಂಗೀತ ಕಛೇರಿ ನಡೆಯಿತು. ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಹೊಟ್ಟೆಯ ಅಧಿಕಾರಿ, ಕೈಯಲ್ಲಿ "ಹಾಸ್ಯ ಪ್ರಧಾನ" ಎಂದು ಅಚ್ಚಾದ ಕಾಗದ. ಅವನು ಮೊದಲ ಸ್ವರಕ್ಕೇ ಹಹ್ಹಾ ಎಂದ. ಯಾರೂ ಜೊತೆಗೂಡಲಿಲ್ಲ. ದೊಡ್ಡ ಪಿಟೀಲು ಮೊದಲು ನುಡಿಯಿತು, ನಾವಿಬ್ಬರು ಅದನ್ನೇ ಹಿಂದಿನಿಂದ ನುಡಿದೆವು. ತಪ್ಪಿಸಿಕೊಳ್ಳಲು ನಾವು ಬೇರೆ ದಾರಿ ಹಿಡಿದರೆ ದಪ್ಪಣ್ಣ ಆ ದಾರಿಯ ತುದಿಯಲ್ಲಿ ಆಗಲೇ ನಿಂತಿರುತ್ತಿದ್ದ. ಜನ ಕುರ್ಚಿಯಲ್ಲಿ ಮಿಸುಕಾಡಲು ಶುರುಮಾಡಿದರು. ಒಬ್ಬಾಕೆ ಸೆರಗು ಬಿಗಿಯಾಗಿ ಹೊದ್ದುಕೊಂಡಳು. ಒಬ್ಬ ಹಿಂದೆ ತಿರುಗಿ ನೋಡಿದ, ಅವನನ್ನು ನೋಡಿ ಇನ್ನೊಬ್ಬ ತಿರುಗಿದ. ಮುಗಿದಾಗ ಚಪ್ಪಾಳೆ ಬೀಳಲಿಲ್ಲ. ಯಾರಿಗೂ ಮೊದಲು ತಟ್ಟುವ ಧೈರ್ಯ ಬರಲಿಲ್ಲ. ಅಷ್ಟು ಸರಿಯಾಗಿ ಅರ್ಥವಾಗಿತ್ತು ಎಂದು ಲೆಕ್ಕ.

ನಿನ್ನ ಹೆಂಡತಿ ಈಗ ನನ್ನ ಜೊತೆಗಿದ್ದಾಳೆ. ಎರಡು ತಿಂಗಳು ನನ್ನ ಜೊತೆ ಮಾತಾಡಲಿಲ್ಲ, ಈಗ ಆಡುತ್ತಾಳೆ, ಹೆಚ್ಚಾಗಿ ಬೈಯಲು. ಅವಳು ಬೈಯಬೇಕಾದದ್ದೇ. ಇಬ್ಬರೂ ನಿನ್ನ ಕಚೇರಿಗೆ ಹೋಗಿದ್ದೆವು. ಕಿಟಕಿಯ ಹಿಂದೆ ಕೂತವನು ಕಾಗದ ತಿರುವಿ ಹಾಕಿ, "ಆ ಹೆಸರಿನವರು ಯಾರೂ ಇಲ್ಲಿ ಕೆಲಸ ಮಾಡಿಲ್ಲ" ಎಂದ. ನಾನು ದಿನಕ್ಕೆ ಎಷ್ಟು ಸಲ ಸೀನುತ್ತೇನೆಂದು ಗೊತ್ತಿರುವ ಇಲಾಖೆಗೆ ನನ್ನ ತಮ್ಮ ಎಲ್ಲಿದ್ದಾನೆಂದು ಗೊತ್ತಿಲ್ಲವಂತೆ. ಇಂಥವರಿಗೆ ಹೆದರಿ ಇಡೀ ದೇಶ ಪಿಸುಗುಡುತ್ತಿದೆ. ನನಗೆ ಅಳು ಬರಲಿಲ್ಲ, ಅಸಹ್ಯವಾಯಿತು.

ಅದಕ್ಕೇ ಮಾರನೆಯ ದಿನ ಬೆಳಿಗ್ಗೆ ಎದ್ದು ಫೋನೆತ್ತಿದೆ. ನಿನ್ನ ಹೆಸರು ಹೇಳಿ, "ನನ್ನ ತಮ್ಮ ಎಲ್ಲಿ?" ಎಂದು ಕೇಳಿ ಇಟ್ಟೆ. ಒಂದು ಮಾತನ್ನೂ ಬಿಡುವಂತಿಲ್ಲವಲ್ಲ, ಬರೆಯಲೇಬೇಕು. ಆಮೇಲಿಂದ ದಿನಾ ಕೇಳುತ್ತೇನೆ. ನಿನ್ನ ಹೆಂಡತಿ, "ನನ್ನ ಗಂಡ ಎಲ್ಲಿ?" ಎನ್ನುತ್ತಾಳೆ, ಅದೂ ಬೇರೆ ಸಾಲು. ಕೊಳಲಿನಾಕೆ ಅವಳ ಮನೆಯಿಂದ ಕೇಳುತ್ತಾಳೆ. ದಪ್ಪಣ್ಣ ಒಂದು ವಾರ ಗೋಡೆ ನೋಡಿದ, ಈಗ ಅವನೂ ಕೇಳುತ್ತಾನೆ. ನಿನ್ನೆ ಹಾಲಿನ ಅಂಗಡಿಯವನು ಚಿಲ್ಲರೆ ಕೊಡುತ್ತ, "ಅಕ್ಕಾ, ನಾನೂ ಬೆಳಿಗ್ಗೆ ಕೇಳ್ಬಿಟ್ಟೆ. ನಮ್ಮ ಸಾಲಿನವರೆಲ್ಲ ಕೇಳ್ತಿದಾರೆ" ಎಂದ. ಅವನ ಹೆಸರೂ ನನಗೆ ಗೊತ್ತಿಲ್ಲ, ಅವನು ನಿನ್ನ ಮುಖವನ್ನೂ ನೋಡಿಲ್ಲ. ನಿನ್ನ ಆ ಉದ್ದನೆಯ ಕೋಣೆಯಲ್ಲಿ ಈಗ ಬೆಳಗಾದರೆ ಎಷ್ಟು ಮೇಜಿನಲ್ಲಿ ನಿನ್ನ ಹೆಸರು ಟೈಪಾಗುತ್ತಿದೆಯೋ. ಆಗಲಿ. ಬೆರಳು ನೋಯಲಿ.

ಹೇಡಿ ಎಂದು ಬರೆದಿದ್ದೆನಲ್ಲ, ಅದೊಂದನ್ನು ಹೊಡೆದುಹಾಕು. ಮಿಕ್ಕದ್ದನ್ನು ನೀನು ಬಂದ ಮೇಲೆ ಎದುರಿಗೆ ಕೂರಿಸಿಕೊಂಡು ಬೈಯುತ್ತೇನೆ. ಬೇಗ ಬಾರೋ.

ನಿನ್ನ ಅಕ್ಕ